ಟ್ರಾನ್ಸ್‌ಫರ್ ಎಸ್ಸೇ ಎಷ್ಟುದ್ದ ಇರ್ಬೇಕು, ನಾನು ಹೇಗೆ ತೀರ್ಮಾನ ಮಾಡ್ದೆ

ಅಮೆರಿಕದಲ್ಲಿ ಕಮ್ಯೂನಿಟಿ ಕಾಲೇಜಿಂದ (ಡಿಗ್ರಿಯ ಮೊದಲೆರಡು ವರ್ಷದ ಕೋರ್ಸು ಮಾಡೋ ಕಾಲೇಜು) ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ (ಯುಸಿ) ಟ್ರಾನ್ಸ್‌ಫರ್ ಹಾಕೋರು, ಅದ್ರಲ್ಲೂ ನನ್ನ ಹಾಗೆ ಮದ್ವೆ ಆಗಿ ಎಚ್-4 ವೀಸಾದಲ್ಲಿ (ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗೋದು) ಬಂದು ಮತ್ತೆ ಪುಸ್ತಕ ಹಿಡಿದ ಹೆಣ್ಮಕ್ಕಳು, ಸಿಕ್ಕಾಗೆಲ್ಲ ಮೊದ್ಲು ಕೇಳೋದು "ಅಕ್ಕ, ಎಸ್ಸೇ ಎಷ್ಟು ಪದ ಬರೀಬೇಕು, ಪೂರ್ತಿ 350 ತುಂಬಿಸಲೇಬೇಕಾ" ಅಂತ. ಏನು ಬರೀಬೇಕು ಅನ್ನೋದು ಎರಡನೇ ಪ್ರಶ್ನೆ. ನನ್ನ ಪ್ರಕಾರ ಈ ಎರಡೂ ಬೇರೆ ಬೇರೆ ಅಲ್ಲ, ಓದೋರಿಗೆ ನಮ್ಮ ಅಪ್ಲಿಕೇಷನ್‌ನಲ್ಲಿ ಇನ್ನೆಲ್ಲೂ ಸಿಗದೇ ಇರೋ ವಿಷ್ಯ ನಮ್ಮತ್ರ ಎಷ್ಟಿದೆಯೋ ಎಸ್ಸೇ ಅಷ್ಟುದ್ದ ಇರ್ಬೇಕು. ನಾನು ಕುಪರ್ಟಿನೋದ ಡಿ ಆಂಜಾ ಕಾಲೇಜಿಂದ ಸ್ಟ್ಯಾಟಿಸ್ಟಿಕ್ಸ್ ಮೇಜರ್‌ಗೆ (ಮೇಜರ್ ಅಂದ್ರೆ ಡಿಗ್ರಿಯ ಮುಖ್ಯ ವಿಷ್ಯ) ಅಂತ ಅಪ್ಲೈ ಮಾಡಿ ಯುಸಿ ಡೇವಿಸ್‌ಗೆ ಹೋದೆ, ಆಗ ಈ ಉದ್ದದ ವಿಚಾರನ ಹೇಗೆ ಇತ್ಯರ್ಥ ಮಾಡ್ಕೊಂಡೆ ಅಂತ ಬರೀತೀನಿ.

ಮೊದ್ಲು ನಿಯಮ ಏನು ಅಂತ ಸರಿಯಾಗಿ ತಿಳ್ಕೋಬೇಕು, ಯಾಕಂದ್ರೆ ಹಳೇ ಸಲಹೆಗಳು ಇನ್ನೂ ಓಡಾಡ್ತಾನೇ ಇವೆ. ನಮ್ಮ ಅಪಾರ್ಟ್‌ಮೆಂಟಲ್ಲಿ ಒಬ್ರು ಅಕ್ಕ ಬಹಳ ಹಿಂದೆ ಟ್ರಾನ್ಸ್‌ಫರ್ ಆದೋರು, ಪ್ರೀತಿಯಿಂದ ಕೂರಿಸ್ಕೊಂಡು "ಎರಡು ಎಸ್ಸೇ, ಎರಡೂ ಸೇರಿ 1000 ಪದ, ಒಂದು 600 ಒಂದು 400 ಮಾಡ್ಕೋ" ಅಂತ ಹೇಳ್ಕೊಟ್ರು. ಅವ್ರ ಕಾಲಕ್ಕೆ ಅದೇ ಸರಿ. ಆದ್ರೆ 2016ರಲ್ಲಿ ಹಾಕಿದ ಬ್ಯಾಚಿಂದ ಯುಸಿ ಅದನ್ನ ಬಿಟ್ಟು ಪರ್ಸನಲ್ ಇನ್‌ಸೈಟ್ ಕ್ವೆಶ್ಚನ್ಸ್ ತಂತು, ಎಲ್ರೂ ಪಿಐಕ್ಯೂ ಅಂತಾರೆ. ಟ್ರಾನ್ಸ್‌ಫರ್‌ನೋರಿಗೆ ಒಂದು ಪ್ರಶ್ನೆ ಕಡ್ಡಾಯ, ನಿಮ್ಮ ಮೇಜರ್‌ಗೆ ಹೇಗೆ ತಯಾರಾಗಿದ್ದೀರಿ ಅನ್ನೋದು, ಉಳಿದ 7ರಲ್ಲಿ ನಮಗೆ ಬೇಕಾದ 3. ಒಂದೊಂದಕ್ಕೂ ಗರಿಷ್ಠ 350 ಪದ. ಸ್ಯಾನ್ ಹೋಸೆ ಸ್ಟೇಟ್ ಥರದ ಕ್ಯಾಲ್ ಸ್ಟೇಟ್‌ಗಳ (ಯುಸಿ ಅಲ್ಲದ, ರಾಜ್ಯದ ಇನ್ನೊಂದು ಯೂನಿವರ್ಸಿಟಿ ಗುಂಪು) ಮಾಮೂಲಿ ಟ್ರಾನ್ಸ್‌ಫರ್ ಅಪ್ಲಿಕೇಷನ್‌ಗೆ ಎಸ್ಸೇನೇ ಬೇಡ, ಹಂಗಾಗಿ ಅಲ್ಲಿಗೆ ಮಾತ್ರ ಹಾಕೋರು ಈ ತಲೆನೋವೇ ಇಟ್ಕೋಬೇಡಿ.

350 ಗರಿಷ್ಠ ಅಂತ ಬರ್ದಿದ್ರೂ ನಮ್ಮ ತಲೆಗೆ ಅದು ಗುರಿ ಥರಾನೇ ಕಾಣುತ್ತೆ. ನಾವು ಬೆಳೆದು ಬಂದಿರೋ ರೀತಿನೇ ಹಂಗಿದೆ, ಪಿಯುಸಿ ಪರೀಕ್ಷೆಲಿ ಪಕ್ಕದ ಬೆಂಚಿನೋಳು ಅಡಿಷನಲ್ ಶೀಟ್ ತಗೊಂಡ್ರೆ ನಮಗೆ ಕೈ ನಡುಗ್ತಿತ್ತು, ಹತ್ತು ಮಾರ್ಕ್ಸಿನ ಪ್ರಶ್ನೆಗೆ ಇಷ್ಟು ಪುಟ ಅಂತ ಲೆಕ್ಚರರ್ರೇ ಹೇಳಿರ್ತಿದ್ರು, ಬರ್ದು ಬರ್ದು ದಾರ ಕಟ್ಟಿ ಕೊಟ್ಟು ಬಂದ್ರೇನೇ ಸಮಾಧಾನ. ಇಲ್ಲಿ ಉದ್ದಕ್ಕೆ ಮಾರ್ಕ್ಸ್ ಇಲ್ಲ. ಯುಸಿಗೆ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಅಪ್ಲಿಕೇಷನ್ ಬರುತ್ತೆ, ಅದನ್ನ ಓದೋ ಮನುಷ್ಯರಿಗೆ ಹಿಂದಿನ ವಾಕ್ಯನೇ ಬೇರೆ ಪದದಲ್ಲಿ ಇನ್ನೊಂದ್ಸಲ ಓದಿಸೋದು ಅವ್ರ ಟೈಮಿಗೆ ಮಾಡೋ ಅನ್ಯಾಯ ಅಂತಾನೇ ನನಗನ್ಸುತ್ತೆ.

ಅದಕ್ಕೆ ನಾನು ಬರೆಯೋಕೆ ಮುಂಚೆ ಅಪ್ಲಿಕೇಷನ್‌ನ ಬೇರೆ ಭಾಗನೆಲ್ಲ ತುಂಬಿ ಮುಗಿಸ್ಬಿಟ್ಟೆ. ಎಲ್ರೂ ಎಸ್ಸೇ ಮೊದ್ಲು ಶುರು ಮಾಡ್ತಾರೆ, ನನಗೆ ಉಲ್ಟಾ ಮಾಡಿದ್ದೇ ಒಳ್ಳೇದಾಯ್ತು. ಕೋರ್ಸು, ಗ್ರೇಡು ಒಂದು ಕಡೆ ಇರುತ್ತೆ, ಆಕ್ಟಿವಿಟೀಸ್ ಅಂತ ಇನ್ನೊಂದು ಕಡೆ 20ರ ತನಕ ಹಾಕ್ಬೋದು, ಒಂದೊಂದರ ವಿವರಣೆಗೂ 350 ಅಕ್ಷರ ಕೊಡ್ತಾರೆ (ಅದು ಅಕ್ಷರ, ಪದ ಅಲ್ಲ, ನೋಡ್ಕೊಳ್ಳಿ). ಇದನ್ನೆಲ್ಲ ತುಂಬಿದ್ಮೇಲೆ ಪ್ರಿಂಟ್ ತಗೊಂಡು ಪಕ್ಕದಲ್ಲಿಟ್ಕೊಂಡೆ, ಒಂದೊಂದು ಪ್ರಶ್ನೆಗೂ ಈ ಪ್ರಿಂಟಲ್ಲಿ ಇಲ್ಲದೇ ಇರೋದು ನನ್ನತ್ರ ಏನಿದೆ ಅಂತ ಕನ್ನಡದಲ್ಲೇ ಪಾಯಿಂಟ್ ಹಾಕ್ದೆ. ಎಷ್ಟು ಪಾಯಿಂಟ್ ಬಿತ್ತೋ ಅದ್ರ ಮೇಲೆ ಉದ್ದ ಎಷ್ಟು ಅಂತ ಒಂದು ಅಂದಾಜು ಸಿಕ್ತು.

ಕಡ್ಡಾಯದ ಪ್ರಶ್ನೆಗೆ ಜಾಸ್ತಿ ಪಾಯಿಂಟ್ ಬಿತ್ತು, ಅದು 340ರ ಆಸುಪಾಸಿಗೆ ಹೋಯ್ತು, ಅದನ್ನ ಕಮ್ಮಿ ಮಾಡೋ ಗೋಜಿಗೆ ನಾನು ಹೋಗ್ಲಿಲ್ಲ. ಟ್ರಾನ್ಸ್‌ಫರ್ ಅಂದ್ರೆ ನಾವು ಮೂರನೇ ವರ್ಷಕ್ಕೆ ಸೀದಾ ಹೋಗಿ ಕೂರೋದು, 60 ಸೆಮಿಸ್ಟರ್ ಯೂನಿಟ್ (ಅಂದ್ರೆ ಕ್ರೆಡಿಟ್) ಇಲ್ಲಾ 90 ಕ್ವಾರ್ಟರ್ ಯೂನಿಟ್ ಮುಗ್ಸಿರ್ಬೇಕು, ಅಲ್ಲಿನ ಕಷ್ಟದ ಕ್ಲಾಸುಗಳನ್ನ ಈ ಹುಡುಗಿ ತಡ್ಕೊಳ್ತಾಳಾ ಅನ್ನೋದೇ ಅವ್ರ ಮುಖ್ಯ ಪ್ರಶ್ನೆ. ಮೊದಲ ಡ್ರಾಫ್ಟಲ್ಲಿ "ಚಿಕ್ಕಂದಿನಿಂದಲೂ ಗಣಿತ ಅಂದ್ರೆ ನನಗಿಷ್ಟ" ಅನ್ನೋ ಥರದ ಎರಡು ಮೂರು ವಾಕ್ಯ ಇತ್ತು, ಅದನ್ನ ತೆಗೆದೆ. ಮ್ಯಾಥ್ 1ಎ ಇಂದ 1ಡಿ ತನಕ (ಕ್ಯಾಲ್ಕುಲಸ್ ಕೋರ್ಸುಗಳು) ಮಾಡಿದ್ದೀನಿ ಅಂತ ಹೇಳೋ ವಾಕ್ಯನೂ ತೆಗೆದೆ, ಅದು ಅಪ್ಲಿಕೇಷನ್‌ನ ಕೋರ್ಸು ಪಟ್ಟಿಲಿ ಆಗ್ಲೇ ಇದೆ. ಆ ಜಾಗದಲ್ಲಿ, ಲೀನಿಯರ್ ಆಲ್ಜೀಬ್ರಾ ಕ್ಲಾಸಲ್ಲಿ ಐಗನ್‌ವೆಕ್ಟರ್ (ಮ್ಯಾಟ್ರಿಕ್ಸಿಂದ ಗುಣಿಸಿದ್ರೂ ಅದೇ ರೇಖೆ ಮೇಲೆ ಉಳಿಯೋ ವೆಕ್ಟರ್) ಅರ್ಥ ಆಗದೆ, ಸಿಐಎಸ್ 22ಬಿ ಅನ್ನೋ ಪ್ರೋಗ್ರಾಮಿಂಗ್ ಕೋರ್ಸಲ್ಲಿ ಕಲ್ತಿದ್ದ ಸಿ ಪ್ಲಸ್ ಪ್ಲಸ್ ಇಟ್ಕೊಂಡು ಒಂದೇ ಮ್ಯಾಟ್ರಿಕ್ಸ್‌ನ ಒಂದು ವೆಕ್ಟರ್‌ಗೆ ಮತ್ತೆ ಮತ್ತೆ ಗುಣಿಸೋ ಪುಟ್ಟ ಪ್ರೋಗ್ರಾಮ್ ಬರ್ದು, ವೆಕ್ಟರ್ ನಿಧಾನಕ್ಕೆ ಒಂದೇ ದಿಕ್ಕಿಗೆ ಬಂದು ನಿಲ್ಲೋದನ್ನ ಕಣ್ಣಾರೆ ನೋಡಿದ್ದು, ಅದರಿಂದ ಸ್ಟ್ಯಾಟಿಸ್ಟಿಕ್ಸ್‌ನ ಮಾರ್ಕೋವ್ ಚೈನ್ (ಮುಂದಿನ ಹೆಜ್ಜೆ ಈಗಿನ ಸ್ಥಿತಿ ಮೇಲಷ್ಟೇ ನಿಂತಿರೋ ಸಂಭವನೀಯತೆಯ ಮಾದರಿ) ಕಡೆಗೆ ಹೋಗಿದ್ದು, ಇದನ್ನ ಬರ್ದೆ. ಇಷ್ಟನ್ನ 200 ಪದದಲ್ಲಿ ಹೇಳೋಕೆ ಆಗ್ತಿರ್ಲಿಲ್ಲ, ಹೇಳಿದ್ರೂ ಓದಿದೋರಿಗೆ ಏನೂ ತಿಳೀತಿರ್ಲಿಲ್ಲ. ಚಿಕ್ಕದಾಗಿದ್ರೇನೇ ಚೆಂದ ಅನ್ನೋ ಸಲಹೆನೂ ಎಲ್ಲಾ ಕಡೆ ನಡಿಯಲ್ಲ.

ಓದಿಗೆ ಬಂದ ಅಡ್ಡಿ ಬಗ್ಗೆ ಕೇಳೋ ಪ್ರಶ್ನೆ 310 ಹತ್ರ ನಿಂತ್ಕೊಂತು. ಹಾಸನದಲ್ಲಿ ಬಿಎಸ್ಸಿ ಅರ್ಧಕ್ಕೆ ಬಿಟ್ಟಿದ್ದು, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಮ್ಮು, ಕೆಲವು ವರ್ಷದ ಗ್ಯಾಪು, ಹೇಳ್ತಾ ಹೋದ್ರೆ ಸಾವಿರ ಪದ ಆಗ್ತಿತ್ತು. ಕಾಲೇಜಿನ ರೈಟಿಂಗ್ ಸೆಂಟರಲ್ಲಿ ಓದಿದ ಟ್ಯೂಟರ್ ಒಂದೇ ಒಂದು ಮಾತು ಕೇಳಿದ್ರು, ಇದ್ರಲ್ಲಿ ಕಷ್ಟ ಎಷ್ಟು ಪದ ಇದೆ, ನೀನು ಅದಕ್ಕೆ ಏನು ಮಾಡ್ದೆ ಅನ್ನೋದು ಎಷ್ಟು ಪದ ಇದೆ, ಎಣಿಸು ಅಂತ. ಎಣಿಸಿ ನೋಡಿದ್ರೆ ಮುಕ್ಕಾಲು ಪಾಲು ಕಷ್ಟಾನೇ. ಆ ಲೆಕ್ಕನ ತಿರುಗಿಸ್ದೆ, ಕಷ್ಟಕ್ಕೆ 100 ಪದ ಅಂತ ಇಟ್ಕೊಂಡು ಉಳಿದಿದ್ದನ್ನ ಆಫೀಸ್ ಅವರ್ಸ್‌ಗೆ (ಡೌಟು ಕೇಳೋಕೆ ಅಂತ ಪ್ರೊಫೆಸರ್ ಇಡೋ ಸಮಯ) ಕೊಟ್ಟೆ. ನಮ್ಮೂರಲ್ಲಿ ಸ್ಟಾಫ್ ರೂಮಿಗೆ ಕರೆದ್ರು ಅಂದ್ರೆ ಏನೋ ಗ್ರಹಚಾರ ಅಂತಾನೇ ಅರ್ಥ, ಇಲ್ಲಿ ಪ್ರೊಫೆಸರ್ ಬಾಗಿಲು ತೆಗೆದಿಟ್ಕೊಂಡು ಕಾಯ್ತಾ ಕೂತಿರ್ತಾರೆ, ಆ ಬಾಗಿಲಲ್ಲಿ ಕಾಲಿಡೋಕೆ ನಾನು ಹೇಗೆ ಕಲ್ತೆ, ಆಮೇಲೆ ಬೇರೆಯೋರನ್ನೂ ಹೇಗೆ ಕರ್ಕೊಂಡು ಹೋಗೋಕೆ ಶುರು ಮಾಡ್ದೆ ಅನ್ನೋದು.

ಎಲ್ಲಕ್ಕಿಂತ ಚಿಕ್ಕದು ಸಮುದಾಯದ ಪ್ರಶ್ನೆ, 240 ಪದ ಅಷ್ಟೇ. ವಾರಾಂತ್ಯದಲ್ಲಿ ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಕಲಿಸ್ತಿದ್ದೆ, ಎಷ್ಟು ಮಕ್ಕಳು ಏನು ಎತ್ತ ಅನ್ನೋದು ಆಕ್ಟಿವಿಟೀಸಲ್ಲಿ ಆಗ್ಲೇ ಇತ್ತು, ಎಸ್ಸೇಲಿ ಹೇಳೋಕೆ ಉಳಿದಿದ್ದು ಒಂದೇ, ಒತ್ತಕ್ಷರ ಅಂದ್ರೆ ಹೆದರೋ ಮಕ್ಕಳಿಗೆ ಅಂಗಡಿ ಬೋರ್ಡು, ಬಸ್ ಬೋರ್ಡಿನ ಫೋಟೋ ತೋರಿಸಿ ಪಾಠ ಮಾಡಿದ್ದು. ಅದನ್ನ ಹೇಳಿ ಮುಗಿಸ್ದೆ. ನಮ್ಮನೆಯವ್ರು ಓದಿ "ಇನ್ನೂ 110 ಪದ ಉಳಿದಿದೆಯಲ್ಲೇ, ಏನಾದ್ರೂ ಸೇರ್ಸು, ವೇಸ್ಟ್ ಯಾಕೆ ಮಾಡ್ತೀಯ" ಅಂದ್ರು. "ಏನು ಸೇರಿಸ್ಲಿ, ನೀವೇ ಹೇಳಿ ರೀ" ಅಂದೆ, ಸ್ವಲ್ಪ ಹೊತ್ತು ಯೋಚ್ನೆ ಮಾಡಿ ಸುಮ್ನಾದ್ರು. ನಾಲ್ಕೂ ಉತ್ತರಕ್ಕೂ ಒಂದೇ ತೂಕ ಅಂತ ಯುಸಿನೇ ಹೇಳುತ್ತೆ, ಆದ್ರೆ ಒಂದೇ ಉದ್ದ ಇರ್ಬೇಕು ಅಂತ ಎಲ್ಲೂ ಹೇಳಿಲ್ಲ. ಹಾಗಂತ 150ಕ್ಕೆ ನಿಂತ್ರೆ ಮಾತ್ರ ಅನುಮಾನ ಪಡಿ, ಒಂದೋ ಆ ಪ್ರಶ್ನೆ ನಿಮಗಲ್ಲ, ಬೇರೆ ಆರಿಸ್ಕೊಳ್ಳಿ, ಇಲ್ಲಾ ನೀವು ಮೇಲ್ಮೇಲೆ ಹೇಳಿ ಬಿಟ್ಟಿದ್ದೀರ, ಆಮೇಲೆ ಏನಾಯ್ತು ಅಂತ ನಿಮ್ಮನ್ನೇ ಕೇಳ್ಕೊಳ್ಳಿ.

ನಾಲ್ಕನೇದು ಕೌಶಲದ ಬಗ್ಗೆ, ಅದೂ 300ರ ಒಳಗೇ ಮುಗೀತು, ಅದ್ರಲ್ಲಿ ಹೇಳುವಂಥದ್ದೇನಿಲ್ಲ.

ಇಂಡಿಯಾದ ಗ್ಯಾಪ್ ಮತ್ತೆ ಅಲ್ಲಿನ ಮಾರ್ಕ್ಸ್ ಬಗ್ಗೆ ಎಲ್ಲಿ ಹೇಳ್ಬೇಕು ಅಂತ ತುಂಬಾ ಜನ ಒದ್ದಾಡ್ತಾರೆ. ಬೇರೆ ದೇಶದಲ್ಲಿ ಓದಿದ ಕಾಲೇಜಿನ ಕೋರ್ಸುಗಳನ್ನ ತೋರಿಸಲೇಬೇಕು, ಮುಚ್ಚಿಡೋ ಹಾಗಿಲ್ಲ. ಅದರ ವಿವರಣೆಗೆ ಅಡಿಷನಲ್ ಕಾಮೆಂಟ್ಸ್ ಅಂತ ಬೇರೆ ಬಾಕ್ಸೇ ಇದೆ, 550 ಪದದ ತನಕ. ನಾನು ಅಲ್ಲಿ 90 ಪದ ಹತ್ರ ಬರ್ದಿದ್ದೆ, ಯಾವ ವರ್ಷ ಬಿಟ್ಟೆ, ಯಾಕೆ ಬಿಟ್ಟೆ, ಮತ್ತೆ ಯಾವಾಗ ಸೇರ್ಕೊಂಡೆ, ಅಷ್ಟೆ. ಆ ಬಾಕ್ಸನ್ನ ಐದನೇ ಎಸ್ಸೇ ಮಾಡ್ಬೇಡಿ. ಆದ್ರೆ ಅದು ಇದೆ ಅಂತ ಗೊತ್ತಿದ್ರೆ ಪಿಐಕ್ಯೂ ಒಳಗೆ ತಾರೀಖು, ಸೆಮಿಸ್ಟರ್ ಅಂತ ಪದ ಖರ್ಚು ಮಾಡೋದು ಉಳಿಯುತ್ತೆ.

ಒಂದು ಖಾಸಗಿ ಯೂನಿವರ್ಸಿಟಿಗೂ ಕಾಮನ್ ಆಪ್‌ನಲ್ಲಿ (ಹಲವು ಕಾಲೇಜಿಗೆ ಒಂದೇ ಕಡೆ ಅಪ್ಲೈ ಮಾಡೋ ವೆಬ್‌ಸೈಟು) ಹಾಕಿದ್ದೆ, ಯಾಕೆ ಟ್ರಾನ್ಸ್‌ಫರ್ ಬೇಕು, ಇಲ್ಲಿ ಬಂದು ಏನು ಸಾಧಿಸ್ತೀರ ಅನ್ನೋದಕ್ಕೆ 650 ಪದದ ಮಿತಿ. ಯುಸಿಯ ಎರಡು ಉತ್ತರ ಸೇರಿಸಿ ಅಂಟಿಸಿದ್ರೆ ಲೆಕ್ಕಕ್ಕೆ ಸರಿಹೋಗ್ತಿತ್ತು, ಆದ್ರೆ ಅದು ಎಸ್ಸೇ ಆಗಲ್ಲ. ಯುಸಿಲಿ ಅದೇ ಉತ್ತರ ನಾವು ಆರಿಸಿದ ಎಲ್ಲಾ ಕ್ಯಾಂಪಸ್ಸಿಗೂ ಹೋಗುತ್ತೆ, ಅಲ್ಲಿ ಡೇವಿಸ್ ಹೆಸ್ರು ಬರೆಯೋ ಹಾಗೇ ಇಲ್ಲ, ಇಲ್ಲಿ ಆ ಒಂದು ಕಾಲೇಜಿನ ಕೋರ್ಸು, ಲ್ಯಾಬು ನೋಡಿ ನನಗೆ ಇದೇ ಯಾಕೆ ಅಂತ ಹೇಳ್ಬೇಕು. ಹೊಸದಾಗಿ ಬರ್ದಾಗ 520ಕ್ಕೆ ಮುಗೀತು. ಗಟ್ಟಿಯಾಗಿ ಓದಿ ನೋಡ್ದೆ, ಎಲ್ಲೂ ಉಸಿರು ಎಳೀಲಿಲ್ಲ, ಬಿಟ್ಟೆ.

ಕೊನೆಗೆ ಎರಡು ಸಣ್ಣ ವಿಷ್ಯ. ಗೂಗಲ್ ಡಾಕ್ಸಲ್ಲಿ ಬರ್ದು ಪೇಸ್ಟ್ ಮಾಡೋದಾದ್ರೆ ಮಿತಿಗೆ ಐದು ಹತ್ತು ಪದ ಕಮ್ಮಿನೇ ಇಟ್ಕೊಳ್ಳಿ, ಹೈಫನ್ ಹಾಕಿದ ಪದಗಳನ್ನ ಎಲ್ಲಾ ಕಡೆ ಒಂದೇ ಥರ ಎಣಿಸಲ್ಲ, ಬೋಲ್ಡು ಇಟಾಲಿಕ್ಕು ಯಾವ್ದೂ ಬಾಕ್ಸಲ್ಲಿ ಉಳಿಯಲ್ಲ. ಇನ್ನೊಂದು, ಸಬ್ಮಿಟ್ ಒತ್ತಿದ್ಮೇಲೆ ಪಿಐಕ್ಯೂ ತಿದ್ದೋಕಾಗಲ್ಲ. ಜನವರಿಲಿ ಟ್ರಾನ್ಸ್‌ಫರ್ ಅಕಾಡೆಮಿಕ್ ಅಪ್‌ಡೇಟ್ ಅಂತ ಬರುತ್ತೆ, ಅದ್ರಲ್ಲಿ ಹೊಸ ಗ್ರೇಡು, ಮುಂದೆ ತಗೊಳ್ಳೋ ಕೋರ್ಸು ಹಾಕ್ಬೋದು, ಹಂಗಾಗಿ ಫಾಲ್ ಕ್ವಾರ್ಟರಲ್ಲಿ ನಡೀತಿರೋ ಕ್ಲಾಸಿನ ಗ್ರೇಡ್ ಏನಾಗ್ಬೋದು ಅಂತ ಎಸ್ಸೇಲಿ ವಿವರಿಸೋಕೆ ಒಂದು ಪದನೂ ಹಾಕ್ಬೇಡಿ.