ಸರ್ವರ್ ಲಾಗ್ ಓದುತ್ತಾ ಪರ್ಲ್ ಕಲಿತದ್ದು

ನಾನು ನೋಡಿಕೊಳ್ಳುತ್ತಿದ್ದ ವೆಬ್‌ಸೈಟಿನಲ್ಲಿ ‘ಪುಟ ಸಿಗುತ್ತಿಲ್ಲ’ ಎಂಬ ದೂರು ಬರುತ್ತಲೇ ಇತ್ತು. ಯಾವ ಪುಟ ಅಂತ ಯಾರೂ ಹೇಳುತ್ತಿರಲಿಲ್ಲ. ಉತ್ತರ ಅಪಾಚಿ ಸರ್ವರಿನ, ಯಾರು ಯಾವ ಪುಟ ಕೇಳಿದರು ಅಂತ ಬರೆದಿಡುವ ಆಕ್ಸೆಸ್ ಲಾಗ್‌ನಲ್ಲೇ ಇತ್ತು, ಆದರೆ ಅದು ಕಣ್ಣಲ್ಲಿ ಓದಿ ಮುಗಿಸುವಂಥ ಕಡತವಲ್ಲ. ಹಾಗಾಗಿ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಿಡಿದೆ. 1987ರಲ್ಲಿ ಲ್ಯಾರಿ ವಾಲ್ ಈ ಭಾಷೆಯನ್ನು ಹೊರತಂದದ್ದೇ ಕಡತಗಳನ್ನು ಜಾಲಾಡಿ ವರದಿ ತೆಗೆಯುವುದಕ್ಕೆ.

ಲಾಗ್‌ನ ಒಂದು ಸಾಲು ನೋಡಿ. ಮೊದಲು ಐಪಿ ವಿಳಾಸ, ಆಮೇಲೆ ಸಾಮಾನ್ಯವಾಗಿ ಎರಡು ಅಡ್ಡಗೆರೆ, ಸಮಯ, ಕೇಳಿದ ಪುಟ, ಸರ್ವರ್ ಕೊಟ್ಟ ಉತ್ತರದ ಸಂಖ್ಯೆ. ಖಾಲಿ ಜಾಗ ಇರುವಲ್ಲೆಲ್ಲ ಕತ್ತರಿಸಿದರೆ ಏಳನೇ ತುಂಡು ಪುಟದ ದಾರಿ, ಒಂಬತ್ತನೇದು ಆ ಸಂಖ್ಯೆ. ಪರ್ಲ್ ಸೊನ್ನೆಯಿಂದ ಎಣಿಸುತ್ತದೆ, ಹಾಗಾಗಿ ಅವು 6 ಮತ್ತು 8. ಎಂಟರಲ್ಲಿ 404 (ಅಂದರೆ ‘ಪುಟ ಸಿಗಲಿಲ್ಲ’) ಇದ್ದರೆ, ಆರರಲ್ಲಿರುವ ಪುಟದ ಲೆಕ್ಕಕ್ಕೆ ಒಂದು ಕೂಡಿಸಬೇಕು. ಅಷ್ಟೇ ಕೆಲಸ. ಸಾಲು ಸಾಲಾಗಿ ಓದಲು ‘ಎನ್’, ಕತ್ತರಿಸಲು ‘ಎ’, ಕೋಡನ್ನು ಅಲ್ಲೇ ಬರೆಯಲು ‘ಇ’. ಈ ಮೂರು ಸ್ವಿಚ್ ಗೊತ್ತಿದ್ದರೆ ಒಂದೇ ಸಾಲಿನ ಕಮಾಂಡ್ ಸಾಕು. ಲೆಕ್ಕ ಇಡುವುದು ಹ್ಯಾಶ್. ಹೊಸ ಪುಟ ಕಂಡ ತಕ್ಷಣ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಆ ಹೆಸರಿಗೊಂದು ಖಾತೆ ತೆರೆದುಬಿಡುತ್ತದೆ.

ಪಟ್ಟಿಯಲ್ಲಿ ಶೇಕಡಾ ಚಿಹ್ನೆಗಳೇ ತುಂಬಿದ ಸಾಲುಗಳೂ ಬಂದವು. ‘ಇ0, ಬಿ2’, ‘ಇ0, ಬಿ3’ ಮತ್ತೆ ಮತ್ತೆ ಕಾಣುತ್ತಿತ್ತು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡ ಅಕ್ಷರಗಳು ಶುರುವಾಗುವುದೇ ಹೀಗೆ! ಅವೆಲ್ಲ ಕನ್ನಡ ಹೆಸರಿನ ಪುಟಗಳು. ಇಲ್ಲಿಂದ ಕಲಿಕೆ ಗಂಭೀರವಾಯಿತು. ‘ಕನ್ನಡ’ ಅಂದರೆ ಎಷ್ಟು ಉದ್ದ ಅಂತ ಕೇಳಿದರೆ, ಬೈಟುಗಳಾಗಿ ಓದಿದ ಪರ್ಲ್ 15 ಅನ್ನುತ್ತದೆ. ಡಿಕೋಡ್ ಮಾಡಿ, ಅಂದರೆ ಬೈಟುಗಳನ್ನು ಅಕ್ಷರಗಳಾಗಿ ಬದಲಿಸಿ ಕೇಳಿದರೆ 5: ಕ, ನ, ಹಲಂತ, ನ, ಡ. ಒಳಗೆ ಬರುವಾಗ ಡಿಕೋಡ್, ಹೊರಗೆ ಹೋಗುವಾಗ ಎನ್‌ಕೋಡ್. ಈ ಶಿಸ್ತು ಕೈಗೆ ಹತ್ತಿದ ಮೇಲೆ, ಮಾದರಿ ಕೊಟ್ಟು ಪಠ್ಯ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಕನ್ನಡ ಲಿಪಿಯನ್ನಷ್ಟೇ ಹುಡುಕುವುದು ಸಲೀಸು. ಕನ್ನಡದಲ್ಲಿ ಕೆಲಸ ಮಾಡುವವರು ಇದನ್ನು ಮೊದಲ ವಾರದಲ್ಲೇ ಕಲಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ರೆಗ್ಯುಲರ್ ಎಕ್ಸ್‌ಪ್ರೆಶನ್ ಉದ್ದವಾದರೆ ಕೊನೆಗೆ ‘ಎಕ್ಸ್’ ಹಾಕಿ. ಆಗ ಸಾಲು ಮುರಿದು, ಪಕ್ಕದಲ್ಲಿ ಟಿಪ್ಪಣಿ ಬರೆದುಕೊಳ್ಳಬಹುದು. ಪರ್ಲ್ ಓದಲಾಗದು ಅನ್ನುವ ಮಾತು ಅರ್ಧ ಅಲ್ಲೇ ಬಿದ್ದುಹೋಗುತ್ತದೆ.

ಆ ಪಟ್ಟಿಯನ್ನು ಬ್ರೌಸರಿನಲ್ಲಿ ತೋರಿಸಲು ಸಿಜಿಐ ಕಲಿತೆ, ಅಂದರೆ ಸರ್ವರ್ ಒಂದು ಸ್ಕ್ರಿಪ್ಟನ್ನು ಓಡಿಸಿ ಅದರಿಂದ ಪುಟ ಪಡೆಯುವ ವಿಧಾನ. ಸ್ಕ್ರಿಪ್ಟ್ ಮೊದಲು ‘ಕಂಟೆಂಟ್-ಟೈಪ್’ ಹೆಡರ್ ಬರೆಯಬೇಕು, ಆಮೇಲೆ ಒಂದು ಖಾಲಿ ಸಾಲು, ಆಮೇಲೆ ಪುಟ. ಸರ್ವರ್ ಮತ್ತು ಸ್ಕ್ರಿಪ್ಟ್ ಹೇಗೆ ಮಾತಾಡುತ್ತವೆ ಅಂತ ಇಷ್ಟು ಬಿಡಿಸಿ ತೋರಿಸುವ ದಾರಿ ಇನ್ನೊಂದಿಲ್ಲ. ಆದರೆ ಪ್ರತಿ ವಿನಂತಿಗೂ ಪರ್ಲ್ ಹೊಸದಾಗಿ ಶುರುವಾಗುವುದರಿಂದ ಜನ ಜಾಸ್ತಿಯಾದರೆ ಸರ್ವರ್ ಏದುಸಿರು ಬಿಡುತ್ತದೆ. ಸಿಜಿಐ ಮಾಡ್ಯೂಲನ್ನು ಪರ್ಲ್ ಜೊತೆ ಕೊಡುವುದನ್ನೂ 2015ರ 5.22 ಆವೃತ್ತಿಯಲ್ಲಿ ನಿಲ್ಲಿಸಿದರು. ಕಲಿಯಲು ಸಿಜಿಐ ಬಳಸಿ, ನಿಜವಾದ ಸೈಟಿಗೆ ಮೊಜೊಲಿಶಿಯಸ್ ಎಂಬ ಪರ್ಲ್ ವೆಬ್ ಫ್ರೇಮ್‌ವರ್ಕ್ ಹಾಕಿಕೊಳ್ಳಿ.