ಸದ್ದಿಲ್ಲದ ಗಿಟಾರ್‌ಗೆ 13 ಸಾವಿರ

ಮನೆಯಲ್ಲೇ ಗಿಟಾರ್ ನುಡಿಸಿ ರೆಕಾರ್ಡ್ ಮಾಡಲು ನಾನು ಮೊದಲು ಕೊಂಡದ್ದು ಮೈಕು. ಎಡವಿದ್ದೂ ಅಲ್ಲೇ.

ಆನ್‌ಲೈನ್‌ನಲ್ಲಿ 2,800 ರೂಪಾಯಿಗೆ ಒಂದು ಕಂಡೆನ್ಸರ್ ಮೈಕಿನ ಸೆಟ್ ಸಿಕ್ಕಿತು. ಮೇಜಿಗೆ ಕಚ್ಚಿಸುವ ಸ್ಟ್ಯಾಂಡು, ಕಪ್ಪು ಸ್ಪಂಜಿನ ಟೋಪಿ, ಲ್ಯಾಪ್‌ಟಾಪಿನ ಸಣ್ಣ ತೂತಿಗೆ ಸಿಕ್ಕಿಸುವ ವೈರು, ಎಲ್ಲ ಅದರಲ್ಲೇ. ಭಾನುವಾರ ಬೆಳಿಗ್ಗೆ ಅಕೂಸ್ಟಿಕ್ ಗಿಟಾರಿನ ಎದುರಿಗಿಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿದೆ. ಹಾಕಿ ಕೇಳಿದರೆ ಗಿಟಾರ್ ಎಲ್ಲೋ ಪಕ್ಕದ ಬಿಲ್ಡಿಂಗಿನಲ್ಲಿ ಇದ್ದ ಹಾಗೆ. ಅದರ ಮೇಲೆ ಒಂದೇ ಸಮ 'ಸ್ಸ್' ಅನ್ನುವ ಸದ್ದು. ನಡುವೆ ಕುಕ್ಕರಿನ ಎರಡು ವಿಸಿಲ್, ಫ್ಯಾನಿನ ಗರಗರ, ಕೆಳಗೆ ಕೊತ್ತಂಬರಿ ಮಾರುವವನ ಕೂಗು, ಕಲ್ಯಾಣ್ ಕಡೆ ಹೋಗುವ ಫಾಸ್ಟ್ ಲೋಕಲ್ಲಿನ ಹಾರ್ನು.

"ನಿಮ್ಮ ಗಿಟಾರ್ ಒಂದು ಬಿಟ್ಟು ಉಳಿದದ್ದೆಲ್ಲ ಲಾಯ್ಕ ಬಂದಿದೆ" ಅಂದಳು ಹೆಂಡತಿ.

ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿ ಈಸ್ಟಿನಲ್ಲಿ ಮೂರನೇ ಮಾಳಿಗೆಯ ಒನ್ ಬಿಎಚ್‌ಕೆ. ಆಫೀಸು ಫೋರ್ಟಿನಲ್ಲಿ. ಮನೆ ಮುಟ್ಟುವಾಗ ಒಂಬತ್ತು, ಊಟ ಮುಗಿಯುವಾಗ ಹತ್ತು. ಗಿಟಾರ್ ಹಿಡಿಯಲು ಸಿಗುವುದು ಅಲ್ಲಿಂದ ಹನ್ನೊಂದೂವರೆ ತನಕ ಮಾತ್ರ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ 'ರಾತ್ರಿ' ಶುರುವಾಗುವುದೂ ಸರಿಯಾಗಿ ಹತ್ತಕ್ಕೇ. ವಸತಿ ಪ್ರದೇಶಕ್ಕೆ ಆಗ 45 ಡೆಸಿಬಲ್ ಮಿತಿ. ಆದರೆ ನನಗೆ ನಿಯಮಕ್ಕಿಂತ ಜಾಸ್ತಿ ಹೆದರಿಕೆ ಒಳಕೋಣೆಯಲ್ಲಿ ಮಲಗಿದ ನಾಲ್ಕು ವರ್ಷದ ಮಗಳದ್ದು.

ನನ್ನ ಹತ್ತಿರ ಆಗ ಇದ್ದದ್ದು ಊರಿಂದ ತಂದ ಅಕೂಸ್ಟಿಕ್, ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಒಂದು, ಗಿಟಾರಿನ ಸದ್ದು ಏರಿಸುವ ಹತ್ತು ವ್ಯಾಟಿನ ಆಂಪ್ (ಆಂಪ್ಲಿಫೈಯರ್) ಒಂದು. ಆಂಪ್ ಅಂದರೆ ಒಂದೋ ಸೊನ್ನೆ, ಇಲ್ಲದಿದ್ದರೆ ಗಲಾಟೆ. ಗುಬುಟನ್ನು ಕೂದಲೆಳೆಯಷ್ಟು ತಿರುಗಿಸಿದರೂ ಗೋಡೆ ದಾಟುತ್ತಿತ್ತು. ಅಷ್ಟು ಕಡಿಮೆಯಲ್ಲಿ ನುಡಿಸಿದರೆ ಸ್ವರಕ್ಕೆ ಜೀವವೂ ಇಲ್ಲ. ಕೊನೆಗೆ ಅದನ್ನು 3,000ಕ್ಕೆ ಒಬ್ಬ ಕಾಲೇಜು ಹುಡುಗನಿಗೆ ಕೊಟ್ಟೆ. ಅವನ ಅಮ್ಮನ ಶಾಪ ನನಗೆ ತಟ್ಟದಿರಲಿ.

ಮುಂದಿನ ಪ್ರಯತ್ನ ಎಲೆಕ್ಟ್ರಿಕ್ಕನ್ನು ನೇರ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸಿಕ್ಕಿಸುವುದು. ಒಂದು ಅಡಾಪ್ಟರ್ ಸಾಕು, ನೂರು ರೂಪಾಯಿ. ಸದ್ದೇನೋ ಬಂತು. ಕಂಬಳಿ ಹೊದ್ದು ಹಾಡಿದ ಹಾಗೆ ಬಂತು. ಕಾರ್ಕಳದಲ್ಲಿರುವ ಭಾವನಿಗೆ ಫೋನ್ ಮಾಡಿದೆ. ಅವರು ಊರಿನ ಆರ್ಕೆಸ್ಟ್ರಾಗಳಲ್ಲಿ ವರ್ಷಗಟ್ಟಲೆ ಗಿಟಾರ್ ನುಡಿಸಿದವರು.

"ಎಂತ ಮಾರಾಯ, ಅದು ಗಿಟಾರ್ ಹಾಕುವ ಜಾಗವಾ? ಇಂಪೀಡೆನ್ಸ್ ನೋಡು ಮೊದಲು."

ನೋಡಿದೆ. ಇಂಪೀಡೆನ್ಸ್ ಅಂದರೆ ಕರೆಂಟಿಗೆ ಒಡ್ಡುವ ತಡೆ, ಅಳೆಯುವುದು ಓಮ್ ಲೆಕ್ಕದಲ್ಲಿ. ತಂತಿಯ ಕಂಪನವನ್ನು ಹಿಡಿಯುವ ಗಿಟಾರಿನ ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ತೆಳು ತಂತಿ. ಅದರಿಂದ ಹೊರಡುವ ಕರೆಂಟು ತೀರಾ ಸಣ್ಣದು. ನಮ್ಮ ಬಿಲ್ಡಿಂಗಿನಲ್ಲಿ ನೀರು ಬರುವ ಹೊತ್ತಿಗೆ ಯಾರಾದರೂ ಕದ್ದು ಲೈನಿಗೇ ಮೋಟರ್ ಹಾಕಿದರೆ ಉಳಿದವರ ನಲ್ಲಿ ಸೊರಗುತ್ತದೆ ಅಲ್ವಾ, ಹಾಗೆ. ಲ್ಯಾಪ್‌ಟಾಪಿನ ಮೈಕ್ ತೂತು ಕೆಲವೇ ಸಾವಿರ ಓಮ್‌ನದು. ಅದು ಪಿಕಪ್ಪಿನಿಂದ ಜಾಸ್ತಿ ಎಳೆಯುತ್ತದೆ, ಸಿಗ್ನಲ್ ಕುಸಿಯುತ್ತದೆ. ಪಿಕಪ್ ಸುರುಳಿ ಆದ್ದರಿಂದ ಸ್ವರ ಮೇಲೆ ಹೋದಷ್ಟೂ ಅದರ ತಡೆ ಹೆಚ್ಚು. ಹಾಗಾಗಿ ಮೊದಲು ಸಾಯುವುದು ಟ್ರೆಬಲ್. ಗಿಟಾರಿಗೆ ಬೇಕಾದದ್ದು ಸುಮಾರು ಹತ್ತು ಲಕ್ಷ, ಅಂದರೆ ಒಂದು ಮೆಗಾ ಓಮ್‌ನ ಇನ್‌ಪುಟ್. ಗಿಟಾರ್, ಮೈಕನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ, ಅಂದರೆ ಆಡಿಯೋ ಇಂಟರ್‌ಫೇಸಿನ ಮೇಲೆ 'ಇನ್‌ಸ್ಟ್' ಅಥವಾ 'ಹೈ-ಝಡ್' ಅಂತ ಬರೆದಿರುವುದು ಅದನ್ನೇ.

ಅಲ್ಲಿಗೆ ಇಂಟರ್‌ಫೇಸ್ ಬೇಕೇ ಬೇಕು ಅಂತಾಯಿತು. ಯಾವುದು ಅನ್ನುವುದಕ್ಕೆ ಎರಡು ತಿಂಗಳು ತಿರುಗಿದೆ. ಶನಿವಾರ ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡ್ ಸುತ್ತಿದೆ. ಕೇಬಲ್, ಜಾಕ್, ಅಡಾಪ್ಟರ್‌ಗೆ ಅದು ಸ್ವರ್ಗ. ಗಿಟಾರಿನ ಕಸುಬಿಗೆ ಧೋಬಿ ತಲಾವ್ ಕಡೆಯ ಮ್ಯೂಸಿಕ್ ಅಂಗಡಿಗಳೇ ಸರಿ. 1865ರಲ್ಲಿ ಶುರುವಾದ ಫುರ್ಟಾಡೋಸ್ ಅಲ್ಲೇ ಇದೆ. ಆಫೀಸಿನಿಂದ ನಡೆದೇ ಹೋಗಬಹುದು. ಅಲ್ಲಿನ ಕಯಾನಿ ಹೋಟೆಲಿನಲ್ಲಿ ಬನ್ ಮಸ್ಕಾ, ಚಾ ಮುಗಿಸಿ ಒಂದೊಂದೇ ಅಂಗಡಿ ಹತ್ತುವುದು ಕೆಲವು ವಾರ ನನ್ನ ಶುಕ್ರವಾರದ ಸಂಜೆಯಾಯಿತು. ಕೊಳ್ಳದೆ ಕೇಳುವ ಗಿರಾಕಿಯನ್ನೂ ಅವರು ಬೈಯುವುದಿಲ್ಲ, ಪುಣ್ಯ.

ಒಂದು ಅಂಗಡಿಯಲ್ಲಿ ಹುಡುಗ 192 ಕಿಲೋಹರ್ಟ್ಸ್, 192 ಕಿಲೋಹರ್ಟ್ಸ್ ಅಂತ ಹತ್ತು ಸಲ ಹೇಳಿದ. ಅಂದರೆ ಸದ್ದನ್ನು ಸೆಕೆಂಡಿಗೆ 1,92,000 ಸಲ ಅಳೆದು ಬರೆದುಕೊಳ್ಳುತ್ತದಂತೆ. ಸುಮ್ನೆ. ಮನುಷ್ಯನ ಕಿವಿ ಕೇಳುವುದೇ 20 ಕಿಲೋಹರ್ಟ್ಸ್ ತನಕ, ಅದೂ ಎಳೆಯ ಕಿವಿ. ಅಳತೆ ಅದರ ಇಮ್ಮಡಿಗಿಂತ ತುಸು ಜಾಸ್ತಿ ಇದ್ದರೆ ಸಾಕು, 44.1 ಅಥವಾ 48ರಲ್ಲಿ ಕೆಲಸ ಆಗುತ್ತದೆ. 192ರಲ್ಲಿ ಹಾಕಿದರೆ 48ರ ನಾಲ್ಕು ಪಾಲು ಹಾರ್ಡ್ ಡಿಸ್ಕ್ ತುಂಬುತ್ತದೆ, ಅಷ್ಟೇ. ಆದರೆ ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಅಂತ ಹೇಳುವ ಬಿಟ್ ಲೆಕ್ಕ 24 ಇರಲೇಬೇಕು. ಅದಿದ್ದರೆ ಲೆವೆಲ್ ಕಡಿಮೆ ಇಟ್ಟು ನೆಮ್ಮದಿಯಿಂದ ರೆಕಾರ್ಡ್ ಮಾಡಬಹುದು.

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಇದಕ್ಕೆ ಸ್ವಂತ ಏಸಿಯೋ ಡ್ರೈವರ್ ಇದೆಯಾ? ವಿಂಡೋಸಿನ ಮಾಮೂಲಿ ದಾರಿಯಲ್ಲಿ ಸದ್ದು ಹೋಗಿ ಬರುವಾಗ ತಡವಾಗುತ್ತದೆ. ಏಸಿಯೋ ಅನ್ನುವುದು ಸ್ಟೈನ್‌ಬರ್ಗ್ ಕಂಪನಿ ಮಾಡಿದ ಅಡ್ಡದಾರಿ. ತೀರಾ ಅಗ್ಗದ ಕೆಲವು ಪೆಟ್ಟಿಗೆಗಳಿಗೆ ಸ್ವಂತದ್ದು ಇರುವುದಿಲ್ಲ. ಏಸಿಯೋ ಫಾರ್ ಆಲ್ ಅನ್ನುವ ಬಿಟ್ಟಿ ಡ್ರೈವರ್ ಹಾಕಿ ಓಡಿಸಬೇಕು. ಓಡುತ್ತದೆ, ಆದರೆ ಆಗಾಗ ಮುನಿಸಿಕೊಳ್ಳುತ್ತದೆ. ಮ್ಯಾಕ್ ಇದ್ದವರಿಗೆ ಈ ತಲೆಬಿಸಿ ಇಲ್ಲ.

ತಡ ಅಂದರೆ ಎಷ್ಟು ಅನ್ನುವುದನ್ನು ಒಂದು ಪೆನ್ನು ಹಿಡಿದು ಲೆಕ್ಕ ಹಾಕಬಹುದು. ಲ್ಯಾಪ್‌ಟಾಪ್ ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ಕಂತು, ಅಂದರೆ ಬಫರ್, 128 ಸ್ಯಾಂಪಲ್ (ಅಳತೆ), ವೇಗ ಸೆಕೆಂಡಿಗೆ 48,000. ಭಾಗಿಸಿದರೆ 2.7 ಮಿಲಿಸೆಕೆಂಡ್. ಒಳಗೆ ಬರಲು ಅಷ್ಟು, ಹೊರಗೆ ಹೋಗಲು ಅಷ್ಟು, ಯುಎಸ್‌ಬಿಯ ಮಾಮೂಲು ಸ್ವಲ್ಪ. ಎಲ್ಲ ಸೇರಿ ಹತ್ತರ ಒಳಗೆ ನಿಂತರೆ ಬೆರಳಿಗೆ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ಹತ್ತು ಮಿಲಿಸೆಕೆಂಡ್ ಅಂದರೆ ಆಂಪಿನಿಂದ ಮೂರು ಮೀಟರ್ ದೂರ ನಿಂತ ಹಾಗೆ. ಸ್ಟೇಜಿನಲ್ಲಿ ಎಲ್ಲರೂ ಹಾಗೇ ನಿಲ್ಲುವುದು. ಬಫರ್ 512ಕ್ಕೆ ಏರಿಸಿದರೆ ಹೋಗಿ ಬರಲು ಇಪ್ಪತ್ತು ದಾಟುತ್ತದೆ. ಆಗ ಬೆರಳು, ಕಿವಿ ಜಗಳವಾಡುತ್ತವೆ.

ಕೊನೆಗೆ ತೆಗೆದುಕೊಂಡದ್ದು ಬೆರಿಂಜರ್ ಯುಎಂಸಿ 202ಎಚ್‌ಡಿ, ಸೆಕೆಂಡ್ ಹ್ಯಾಂಡ್, 5,500ಕ್ಕೆ. ಫೋಕಸ್‌ರೈಟ್‌ನ ಸ್ಕಾರ್ಲೆಟ್ ಸೋಲೋ ನೋಡಲು ಚಂದ, ಕೇಳಲೂ ಚಂದ. ಆದರೆ ಆಗ ನನ್ನ ಕೈಗೆ ಎಟುಕಲಿಲ್ಲ. ಮಾರುವವನ ಮನೆ ಠಾಣೆಯಲ್ಲಿ. ಗಿಟಾರ್, ಲ್ಯಾಪ್‌ಟಾಪ್, ಆ ದಂಡದ ಮೈಕು ಎಲ್ಲ ಹೊತ್ತು ಹೋದೆ. ಒಳಬರುವ ಸದ್ದನ್ನು ಏರಿಸುವ ಗೇನ್ ಗುಬುಟುಗಳನ್ನು ನಿಧಾನ ತಿರುಗಿಸಿ ಕರಕರ ಇದೆಯಾ ಕೇಳಿದೆ. ಯುಎಸ್‌ಬಿ ವೈರನ್ನು ಅಲ್ಲಾಡಿಸಿದೆ. ಹಳೆಯದು ಕೊಳ್ಳುವಾಗ ಮೊದಲು ಸಡಿಲಾಗಿರುವುದು ಆ ತೂತೇ. ಹೆಡ್‌ಫೋನಿನ ಎರಡೂ ಬದಿ ನೋಡಿದೆ. ಆಮೇಲೆ ಹಿಂದಿನ 48 ವೋಲ್ಟ್ ಸ್ವಿಚ್ ಹಾಕಿ, ಲ್ಯಾಮಿಂಗ್ಟನ್ ರೋಡಿನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಮೈಕ್ ಕೇಬಲ್‌ನಲ್ಲಿ ನನ್ನ ಮೈಕನ್ನು ಸಿಕ್ಕಿಸಿದೆ.

ಮೈಕು ಬದಲಾಗಿತ್ತು! ಆ 'ಸ್ಸ್' ಮುಕ್ಕಾಲು ಪಾಲು ಮಾಯ. ಕಂಡೆನ್ಸರ್ ಮೈಕಿಗೆ ಹೊರಗಿನಿಂದ ಕರೆಂಟು ಬೇಕು. ಲ್ಯಾಪ್‌ಟಾಪಿನ ತೂತು ಕೊಡುವುದು ನಾಲ್ಕೈದು ವೋಲ್ಟಿನ ಒಳಗೆ. ಪಾಪ, ಅದು ಅರೆಹೊಟ್ಟೆಯಲ್ಲಿ ದುಡಿಯುತ್ತಿತ್ತು. ಸುಮ್ಮನೆ ಬೈದಿದ್ದೆ.

ಹೆಡ್‌ಫೋನ್ ವಿಷಯದಲ್ಲಿ ಇನ್ನೊಂದು ಪೆದ್ದುತನ. ಮನೆಯಲ್ಲಿ ಬ್ಲೂಟೂತ್‌ನದು ಇತ್ತಲ್ಲ, ಮತ್ಯಾಕೆ ಖರ್ಚು ಅಂತ ಅದನ್ನೇ ಲ್ಯಾಪ್‌ಟಾಪಿಗೆ ಜೋಡಿಸಿದೆ. ಗಿಟಾರಿನಲ್ಲಿ ಒಂದು ಕಾರ್ಡ್ (ಕೂಡುಸ್ವರ) ಹೊಡೆದೆ. ಕೈ ನಿಂತ ಮೇಲೆ ಸದ್ದು ಬಂತು. ಬ್ಲೂಟೂತಿನಲ್ಲಿ ನೂರು, ಇನ್ನೂರು ಮಿಲಿಸೆಕೆಂಡ್ ತಡ ಮಾಮೂಲು. ಹಾಡು ಕೇಳಲು ಅಡ್ಡಿಯಿಲ್ಲ, ನುಡಿಸಲು ಆಗುವುದಿಲ್ಲ. ವೈರಿನದ್ದೇ ಬೇಕು. ಕಿವಿ ಪೂರ್ತಿ ಮುಚ್ಚುವ ಕ್ಲೋಸ್ಡ್ ಬ್ಯಾಕ್ ಬೇಕು, ಇಲ್ಲದಿದ್ದರೆ ಸದ್ದು ಹೊರಗೆ ಸೋರಿ ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ, ಮೈಕಿಗೂ ಕೇಳುತ್ತದೆ. ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ20ಎಕ್ಸ್ ತೆಗೆದುಕೊಂಡೆ, ಹೊಸದು, 4,600. ಅದು 47 ಓಮ್‌ನದು, ಈ ಸಣ್ಣ ಪೆಟ್ಟಿಗೆಯಲ್ಲೂ ಸಾಕಷ್ಟು ಜೋರು. ಬೇಯರ್‌ಡೈನಮಿಕ್ ಡಿಟಿ 770 ಎಷ್ಟೇ ಹೊಗಳಿಸಿಕೊಂಡರೂ ಅದರಲ್ಲಿ 32, 80, 250 ಓಮ್ ಅಂತ ಬಗೆಬಗೆ ಇದೆ. 250ರದ್ದನ್ನು ಅಗ್ಗದ ಇಂಟರ್‌ಫೇಸಿಗೆ ಹಾಕಿದರೆ ಸದ್ದು ಪಿಸುಮಾತಿನಷ್ಟಾಗುತ್ತದೆ. ಮುಂಬಯಿಯ ಸೆಕೆಗೆ ಕ್ಲೋಸ್ಡ್ ಬ್ಯಾಕ್ ಅಂದರೆ ಕಿವಿಗೆ ಸೌನಾ. ಅರ್ಧ ಗಂಟೆಗೊಮ್ಮೆ ತೆಗೆದು ಒರೆಸಬೇಕು.

ನನ್ನನ್ನು ಕೇಳಿದರೆ ದುಡ್ಡು ಹಾಕಬೇಕಾದ ಮೊದಲ ಜಾಗ ಇದೇ. ರಾತ್ರಿ ನುಡಿಸುವವನಿಗೆ ಹೆಡ್‌ಫೋನೇ ಆಂಪು, ಹೆಡ್‌ಫೋನೇ ಕೋಣೆ. ಬರೀ ಅಭ್ಯಾಸ ಸಾಕು, ರೆಕಾರ್ಡಿಂಗ್ ಬೇಡ ಅನ್ನುವವರು ವಾಕ್ಸ್ ಆಂಪ್ಲಗ್‌ನಂಥ, ಗಿಟಾರಿಗೇ ಸಿಕ್ಕಿಸುವ ಪುಟ್ಟ ಹೆಡ್‌ಫೋನ್ ಆಂಪ್ ತೆಗೆದುಕೊಂಡು ಕೈ ತೊಳೆದುಕೊಳ್ಳಬಹುದು. ಲ್ಯಾಪ್‌ಟಾಪಿನ ರಗಳೆಯೇ ಇಲ್ಲ.

ಸಾಫ್ಟ್‌ವೇರಿಗೆ ಮೊದಲು ದುಡ್ಡು ಹಾಕಲೇ ಇಲ್ಲ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರನ್ನು 60 ದಿನ ನೋಡಲು ಕೊಡುತ್ತಾರೆ. ಮನೆಯಲ್ಲಿ ಬಳಸುವವರಿಗೆ ಲೈಸೆನ್ಸ್ 60 ಡಾಲರ್. ಬೋನಸ್ ಬಂದಾಗ ಕಟ್ಟಿದೆ. ಆಂಪಿನ ಜಾಗಕ್ಕೆ ಅದರ ಸದ್ದನ್ನು ಲ್ಯಾಪ್‌ಟಾಪಿನಲ್ಲೇ ಅನುಕರಿಸುವ ನ್ಯೂರಲ್ ಆಂಪ್ ಮಾಡೆಲರ್, ಪೂರ್ತಿ ಬಿಟ್ಟಿ. ಮೊದಲ ದಿನ ಅದನ್ನು ಹಾಕಿದಾಗ ಡಬ್ಬಿಯೊಳಗೆ ಜೀರುಂಡೆ ಕೂಗಿದ ಹಾಗೆ ಕೇಳಿತು. ಮೋಸ ಹೋದೆ ಅಂದುಕೊಂಡೆ. ಆಮೇಲೆ ತಿಳಿಯಿತು, ನಾನು ಹಾಕಿದ್ದು ಬರೀ ಆಂಪು, ಸ್ಪೀಕರಿನ ಪೆಟ್ಟಿಗೆ ಹಾಕಿರಲಿಲ್ಲ. ಗಿಟಾರಿನ 12 ಇಂಚಿನ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲಿನದ್ದನ್ನು ಹೆಚ್ಚುಕಮ್ಮಿ ನುಂಗಿಬಿಡುತ್ತದೆ. ಆ ನುಂಗುವಿಕೆಯೇ ನಮಗೆ ಗೊತ್ತಿರುವ ಗಿಟಾರಿನ ಸದ್ದು. ಅದಕ್ಕೆ ಸ್ಪೀಕರಿನ ಗುಣವನ್ನು ಹಿಡಿದಿಟ್ಟ 'ಐಆರ್' ಅನ್ನುವ ಪುಟ್ಟ ಫೈಲ್ ಹಾಕಬೇಕು. ಹಾಕಿದ ಕೂಡಲೇ ಜೀರುಂಡೆ ಸತ್ತು ಗಿಟಾರ್ ಹುಟ್ಟಿತು.

ಇನ್ನು ಗುಂಯ್‌ಗುಡುವುದು. ಇದು ನನ್ನನ್ನು ಹದಿನೈದು ದಿನ ಸತಾಯಿಸಿತು. ಏನೂ ನುಡಿಸದಿದ್ದರೂ ಹೆಡ್‌ಫೋನಿನಲ್ಲಿ ಒಂದು ಶ್ರುತಿಪೆಟ್ಟಿಗೆ. ಕುತೂಹಲಕ್ಕೆ ಟ್ಯೂನರ್ ತೆರೆದರೆ ಅದು 'ಜಿ' ಸ್ವರ ತೋರಿಸುತ್ತಿದೆ, ಸ್ವಲ್ಪ ಮೇಲೆ. ನಮ್ಮ ಕರೆಂಟು 50 ಹರ್ಟ್ಸ್, ಅದರ ಇಮ್ಮಡಿ 100. ದಪ್ಪ ತಂತಿಯಲ್ಲಿ ಮೂರನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಯ) ಜಿ 98 ಹರ್ಟ್ಸ್. ಅಂದರೆ ನಮ್ಮ ಬಿಲ್ಡಿಂಗಿನ ವೈರಿಂಗ್ ನನಗೆ ಅಪಶ್ರುತಿಯಲ್ಲಿ ಸಾಥ್ ಕೊಡುತ್ತಿತ್ತು. ತಂತಿ ಮುಟ್ಟಿದರೆ ಕಡಿಮೆ, ಬಿಟ್ಟರೆ ಜಾಸ್ತಿ. ಚಾರ್ಜರ್ ಕಿತ್ತೆ, ಅರ್ಧಕ್ಕರ್ಧ ಹೋಯಿತು. ಹೊರಕೋಣೆಯ ಆ ಪ್ಲಗ್ಗಿಗೆ ಅರ್ಥಿಂಗ್ ವೈರೇ ಇಲ್ಲ ಅಂತ ಎಲೆಕ್ಟ್ರಿಷಿಯನ್ ಬಂದು ತೋರಿಸಿದ. ಸರಿಮಾಡಿಸಿದೆ. ಉಳಿದರ್ಧ ಪಿಕಪ್ಪಿನದ್ದು. ನನ್ನದು ಸಿಂಗಲ್ ಕಾಯಿಲ್, ಅದು ಗಾಳಿಯಲ್ಲಿರುವ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ. ಎರಡು ಸುರುಳಿಯ ಹಂಬಕರ್‌ಗೆ ಹೆಸರು ಬಂದದ್ದೇ ಈ ಗುಂಯ್‌ಗೆ ಮದ್ದಾಗಿ. ನಾನು ಕುರ್ಚಿಯನ್ನು ಕಾಲುಸುತ್ತು ತಿರುಗಿಸಿ ಟ್ಯೂಬ್‌ಲೈಟಿಗೆ ಪಕ್ಕ ಕೊಟ್ಟು ಕೂತೆ. ಖರ್ಚು ಸೊನ್ನೆ. ಈಗಲೂ ಹಾಗೇ ಕೂರುವುದು.

ಮೈಕಿನ ಸರದಿ ಬಂದದ್ದು ರಾಜ್ಯೋತ್ಸವಕ್ಕೆ. ನಮ್ಮ ಸಂಘದ ಅಕ್ಕ ಒಬ್ಬರು ಭಾವಗೀತೆ ಹಾಡುವವರಿದ್ದರು. ಅಭ್ಯಾಸಕ್ಕೆ ಗಿಟಾರ್ ಟ್ರ್ಯಾಕ್ ಬೇಕು ಅಂದರು. ಒಳಕೋಣೆಯ ಕಪಾಟಿನ ಎರಡೂ ಬಾಗಿಲು ತೆರೆದು, ಸೀರೆಗಳ ಕಡೆಗೆ ಮುಖ ಮಾಡಿ ಕೂತೆ. ಹೆಂಡತಿಯ ಮದುವೆ ಸೀರೆಗಳಷ್ಟು ಚೆನ್ನಾಗಿ ಪ್ರತಿಧ್ವನಿ ಹೀರುವ ಫೋಮ್ ನಾನು ನೋಡಿಲ್ಲ. ಮೈಕನ್ನು ಗಿಟಾರಿನ ತೂತಿಗೆ ಹಿಡಿಯಬಾರದು, ಗುಮ್ಮೆನ್ನುತ್ತದೆ. ಹನ್ನೆರಡನೇ ಫ್ರೆಟ್ಟಿನ ಎದುರು, ಒಂದು ಗೇಣು ದೂರ. ಹತ್ತಿರ ಇಟ್ಟಷ್ಟೂ ಗೇನ್ ಕಡಿಮೆ ಸಾಕು, ಗೇನ್ ಕಡಿಮೆಯಾದಷ್ಟೂ ಡೊಂಬಿವಲಿ ಕಡಿಮೆ. ಅತಿ ಜೋರಿನ ಹೊಡೆತಕ್ಕೂ ರೆಕಾರ್ಡಿಂಗಿನ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಫ್ಯಾನ್ ಬಂದ್. ಬೆಳಿಗ್ಗೆ ಐದಕ್ಕೆ, ಎರಡು ಲೋಕಲ್‌ಗಳ ನಡುವೆ, ಬನಿಯನ್ ಒದ್ದೆಯಾಗುವ ತನಕ ಏಳು ಟೇಕ್. ಏಳನೆಯದರಲ್ಲಿ ಕೊನೆಗೆ ಒಂದು ಕಾಗೆ ಕೂಗಿತು. ಭಾವ ಅದೇ ಇರಲಿ ಅಂದರು.

ರೀಪರ್ ಬಿಟ್ಟು ಒಟ್ಟು ಲೆಕ್ಕ: ಮೈಕು 2,800, ಇಂಟರ್‌ಫೇಸ್ 5,500, ಹೆಡ್‌ಫೋನ್ 4,600, ಕೇಬಲ್‌ಗಳು 450. ಕೂಡಿಸಿದರೆ 13,350. ಆಂಪ್ ಮಾರಿದ 3,000 ಕಳೆದರೆ 10,350. ಮಳೆಗಾಲಕ್ಕೆ ಎಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡುತ್ತೇನೆ. ತಂತಿಯನ್ನು ನುಡಿಸಿದ ಮೇಲೆ ಒರೆಸದಿದ್ದರೆ ಜುಲೈಯಲ್ಲಿ ವಾರದೊಳಗೆ ತುಕ್ಕು.

ಇಷ್ಟೆಲ್ಲ ಆಗಿ, ಮನೆಯಲ್ಲಿ ಯಾರಿಗೂ ಒಂದು ಸ್ವರ ಕೇಳದ ಹಾಗೆ ಆದ ಮೇಲೆ ಒಂದು ದಿನ ಕೆಳಗಿನ ಮನೆಯ ಕಾಕೂ ಲಿಫ್ಟಿನಲ್ಲಿ ಹಿಡಿದರು. "ರಾತ್ರೀ ಖಟ್ ಖಟ್ ಕಾಯ್ ಕರತೋಸ್ ರೇ?" ರಾತ್ರಿ ಖಟ್ ಖಟ್ ಅಂತ ಏನು ಮಾಡ್ತೀಯೋ ಅಂತ.

ಗಿಟಾರ್ ಅಲ್ಲ, ತಾಳ ಹಾಕುವ ನನ್ನ ಬಲಗಾಲು. ಈಗ ಕಾಲಡಿಗೆ ಹೆಂಡತಿಯ ಹಳೆಯ ಯೋಗ ಮ್ಯಾಟನ್ನು ನಾಲ್ಕು ಮಡಿಕೆ ಮಾಡಿ ಹಾಕಿದ್ದೇನೆ.