ಡಯಾಲಿಸಿಸ್ ಮಾಡಿಸಿಕೊಳ್ಳುವವರು ಹೆಪಟೈಟಿಸ್ ಬಿ, ಸಿ ಎರಡರಿಂದಲೂ ದೂರ ಇರುವುದು ಹೇಗೆ?

ವಾರಕ್ಕೆ ಎರಡು ಮೂರು ಸಲ ರಕ್ತ ಮೈಯಿಂದ ಹೊರಬಂದು, ಮಷಿನ್‌ನಲ್ಲಿ ಹಾದು ಒಳಗೆ ಹೋಗುತ್ತಲೇ ಇರುವವರಿಗೆ ಈ ಎರಡು ವೈರಸ್‌ಗಳ ಭಯ ಬೇರೆಯವರಿಗಿಂತ ಹೆಚ್ಚು. ಎರಡೂ ರಕ್ತದಿಂದ ಹರಡುವಂಥವು. ಹೀಗಾಗಿ ಒಂದು ಬಂದ ದಾರಿಯಲ್ಲೇ ಇನ್ನೊಂದೂ ಬರಬಹುದು. ಎರಡೂ ಸೇರಿಕೊಂಡರೆ ಲಿವರ್ ಬೇಗ ಗಟ್ಟಿಯಾಗುತ್ತದೆ.

ಮೊದಲು ಪರೀಕ್ಷೆ. ಡಯಾಲಿಸಿಸ್ ಶುರುವಾಗುವ ಮುನ್ನವೇ ಬಿ, ಸಿ ಎರಡನ್ನೂ ನೋಡಿಸಿ. ಸೆಂಟರ್ ಬದಲಿಸಿದರೆ ಮತ್ತೆ ನೋಡಿಸಿ. ಸಿ ಪರೀಕ್ಷೆ ಆರು ತಿಂಗಳಿಗೊಮ್ಮೆ ಆಗಲೇಬೇಕು. ಲಿವರ್‌ಗೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ ನೋಡಿ ‘ಎಸ್‌ಜಿಪಿಟಿ ನಾರ್ಮಲ್ ಇದೆಯಲ್ಲ’ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಡಯಾಲಿಸಿಸ್‌ನಲ್ಲಿರುವವರಿಗೆ ಅದು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ; ಕಣ್ಣು ಹಳದಿಯಾಗದೆಯೂ ಸೋಂಕು ಇರಬಹುದು. ಸೋಂಕು ತಗುಲಿದ ಹೊಸತರಲ್ಲಿ ಸಿ ಆ್ಯಂಟಿಬಾಡಿ (ವೈರಸ್ ವಿರುದ್ಧ ಮೈ ತಯಾರಿಸುವ ಪ್ರತಿಕಾಯ) ಪರೀಕ್ಷೆ ನೆಗೆಟಿವ್ ಬರುವುದುಂಟು. ಅನುಮಾನವಿದ್ದರೆ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ ಕೇಳಿ.

ಆಮೇಲೆ ಲಸಿಕೆ. ಸಿ ವೈರಸ್‌ಗೆ ಲಸಿಕೆಯಿಲ್ಲ, ಬಿ ವೈರಸ್‌ಗೆ ಇದೆ. ಡಯಾಲಿಸಿಸ್ ರೋಗಿಗೆ ಸಾಮಾನ್ಯ ಡೋಸ್ ಸಾಲದು. ಇಮ್ಮಡಿ, ಅಂದರೆ 40 ಮೈಕ್ರೋಗ್ರಾಂ ಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಸುವ ಕ್ರಮದಲ್ಲಿ ಶುರುವಿನ ದಿನ, 1, 2 ಮತ್ತು 6ನೇ ತಿಂಗಳು, ಹೀಗೆ ನಾಲ್ಕು ಸಲ. ಸೂಜಿ ಭುಜಕ್ಕೇ ಆಗಲಿ, ಆದರೆ ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಗೆ ಬೇಡ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿ ಎಚ್‌ಬಿಎಸ್ (ಬಿ ವಿರುದ್ಧದ ಆ್ಯಂಟಿಬಾಡಿ) ಮಟ್ಟ ನೋಡಿಸಿ. ವರದಿಯಲ್ಲಿ 10 mIU/mL ಅಥವಾ ಹೆಚ್ಚಿದ್ದರೆ ರಕ್ಷಣೆ ಇದೆ. ಅದು ಇಳಿಯುತ್ತಾ ಹೋಗುವುದರಿಂದ ಪ್ರತಿ ವರ್ಷ ನೋಡಬೇಕು. ಲಸಿಕೆ ಹಾಕಿಸಿದ ಎರಡು ಮೂರು ವಾರದೊಳಗೆ ಎಚ್‌ಬಿಎಸ್‌ಎಜಿ (ಬಿ ಸೋಂಕು ಇದೆಯೇ ಎಂದು ನೋಡುವ) ಪರೀಕ್ಷೆ ಮಾಡಿಸಿದರೆ, ಸೋಂಕಿಲ್ಲದೆಯೂ ಪಾಸಿಟಿವ್ ಬಂದು ಮನೆಮಂದಿಯೆಲ್ಲ ಗಾಬರಿಯಾಗಬಹುದು.

ಬೆಡ್ ಪಕ್ಕ ಕೂತಾಗ ಕಣ್ಣು ತೆರೆದಿರಿ. ಒಣಗಿದ ರಕ್ತದಲ್ಲಿ ಬಿ ವೈರಸ್ ಏಳು ದಿನವಾದರೂ ಬದುಕಿರುತ್ತದೆ. ಆ ಕಲೆ ಕಣ್ಣಿಗೆ ಕಾಣಬೇಕೆಂದೂ ಇಲ್ಲ. ಬಿ ಸೋಂಕಿದ್ದವರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಮಷಿನ್ ಇರಬೇಕು. ಸಿ ವಿಷಯದಲ್ಲಿ ಎಲ್ಲರೂ ಮಷಿನ್ ಬಗ್ಗೆಯೇ ಕೇಳುತ್ತಾರೆ. ನಿಜವಾಗಿ ನೋಡಬೇಕಾದದ್ದು ಸಿಬ್ಬಂದಿಯ ಕೈಗಳನ್ನು. ಒಂದು ಬೆಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ಗ್ಲೌಸ್ ಬದಲಾಯಿತೇ, ಕೈ ತೊಳೆದರೇ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನ ಒಂದೇ ಬಾಟಲಿ ಬೆಡ್‌ನಿಂದ ಬೆಡ್‌ಗೆ ತಿರುಗುತ್ತಿದೆಯೇ, ಕ್ಲ್ಯಾಂಪ್, ಬಿಪಿ ಪಟ್ಟಿ ಒರೆಸಿದರೇ? ಕೇಳಿದರೆ ಸಿಸ್ಟರ್ ಬೇಜಾರಾಗುತ್ತಾರೇನೋ ಎಂಬ ಸಂಕೋಚ ಬೇಡ.

ಪಾಸಿಟಿವ್ ಬಂದರೆ? ಸಿ ಸೋಂಕನ್ನು ಸಾಮಾನ್ಯವಾಗಿ 12 ವಾರದ ಮಾತ್ರೆಗಳಿಂದ ವಾಸಿ ಮಾಡಬಹುದು, ಡಯಾಲಿಸಿಸ್‌ನಲ್ಲಿದ್ದರೂ ಸರಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಔಷಧ ಉಚಿತ. ಆದರೆ ಮೊದಲ ಮಾತ್ರೆ ನುಂಗುವ ಮುನ್ನ ಬಿ ಪರೀಕ್ಷೆ ಆಗಿರಲೇಬೇಕು. ಎರಡೂ ಇರುವವರಲ್ಲಿ ಔಷಧದಿಂದ ಸಿ ತಗ್ಗುತ್ತಿದ್ದಂತೆ, ಅಲ್ಲಿಯವರೆಗೆ ಸುಮ್ಮನಿದ್ದ ಬಿ ಕೆರಳಿ ಲಿವರ್ ಫೇಲ್ ಆದ ಪ್ರಸಂಗಗಳಿವೆ. ಅಂಥವರಿಗೆ ಬಿ ಮಾತ್ರೆಯನ್ನೂ ಜತೆಗೇ ಕೊಡಬೇಕಾಗಬಹುದು. ಎಂಟೆಕಾವಿರ್‌ನಂಥ ಔಷಧವನ್ನು ಕಿಡ್ನಿ ಸ್ಥಿತಿ ನೋಡಿ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ.

ಸಿ ವಾಸಿಯಾದ ಮೇಲೂ ಆ್ಯಂಟಿಬಾಡಿ ವರದಿ ಪಾಸಿಟಿವ್ ಎಂದೇ ತೋರಿಸುತ್ತಿರುತ್ತದೆ. ಅದಕ್ಕೇ ಆರ್‌ಎನ್‌ಎ ನೆಗೆಟಿವ್ ವರದಿಯ ಪ್ರತಿ ಫೈಲ್‌ನ ಮೇಲುಗಡೆಯೇ ಇರಲಿ. ಸಿ ಇನ್ನೊಮ್ಮೆಯೂ ಅಂಟಬಹುದು, ಹಾಗಾಗಿ ಆರು ತಿಂಗಳಿಗೊಮ್ಮೆ ಆರ್‌ಎನ್‌ಎ ಪರೀಕ್ಷೆಯನ್ನೇ ಮಾಡಿಸಿ.